ಸಾಹೇಬರ ಟವೆಲ್ ಯಾವ ಬಣ್ಣ?

ಜನವರಿ 11

ಅಕ್ಕನಿಗೆ,

ಈ ದಪ್ಪ ಲಕೋಟೆ ಕಂಡ ಕೂಡಲೇ ನೀನು ಮೂಗು ಮುರಿಯುತ್ತೀಯ ಎಂದು ಗೊತ್ತಿದ್ದೂ ಕಳಿಸುತ್ತಿದ್ದೇನೆ. ಒಳಗಿರುವುದು ಮಕ್ಕಳ ಚಿತ್ರಪುಸ್ತಕದ ಬರಹ. ಹೆಸರು 'ಸಾಹೇಬರು ಬಂದರು'. ಮೂರು ತಿಂಗಳ ಹಿಂದೆ ನಮ್ಮ ಮನೆಗೆ ಬಂದಿಳಿದ ನಿನ್ನ ಸೋದರಳಿಯನೇ ಇದರ ನಾಯಕ.

ತೊಟ್ಟಿಲನ್ನೇ ಕಚೇರಿ ಮಾಡಿಕೊಂಡ ಮಗು ಮನೆಯವರನ್ನೆಲ್ಲ ತನ್ನ ತಾಳಕ್ಕೆ ಕುಣಿಸುತ್ತದೆ, ಕಥೆ ಅಷ್ಟೇ. ಅತ್ತರೆ ಮೀಟಿಂಗು. ಒದ್ದೆ ಮಾಡಿಕೊಂಡರೆ ತುರ್ತು ಸಭೆ. ತೇಗಿದರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ಅಪ್ಪ ಎಂಬ ಬಡಪಾಯಿ ಗುಮಾಸ್ತನಿಗೆ ರಜೆಯಿಲ್ಲ, ಬಡ್ತಿಯಿಲ್ಲ, ಊಟದ ಬಿಡುವೂ ಇಲ್ಲ. ಪತ್ರಿಕೆಯ ನನ್ನ ವಾರದ ಹಾಸ್ಯ ಅಂಕಣದಲ್ಲಿ ಎರಡು ಸಲ ಸಾಹೇಬರನ್ನು ತಂದಿದ್ದೆ. ಓದುಗರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಮ್ಮ ಮೀಸೆ ಪ್ರಕಾಶಕರಂತೂ ಇದು ಪುಸ್ತಕವಾಗಲೇಬೇಕು, ವರ್ಷದ ಕೊನೆಯ ಪುಸ್ತಕ ಮೇಳಕ್ಕೆ ಬರಲೇಬೇಕು, ಚಿತ್ರ ನಿಮ್ಮ ಅಕ್ಕನೇ ಬಿಡಿಸಬೇಕು ಎಂದು ಪಟ್ಟು ಹಿಡಿದು ಕೂತಿದ್ದಾರೆ.

ನೀನು ಬಿಡಿಸಿದರೆ ಇದು ಹತ್ತು ಕಾಲ ಬಾಳುತ್ತದೆ. ಬೆಣ್ಣೆ ಹಚ್ಚುತ್ತಿದ್ದೇನೆ ಅಂದುಕೊಳ್ಳಬೇಡ. ಹಚ್ಚುತ್ತಿದ್ದೇನೆ, ಆದರೂ ನಿಜ.

ಸಾಹೇಬರ ಗುಮಾಸ್ತ,
ನಿನ್ನ ತಮ್ಮ


ಜನವರಿ 24

ಸಾಹೇಬರ ಗುಮಾಸ್ತರಿಗೆ,

ಓದಿದೆ. ಮೂಗು ಮುರಿಯಲಿಲ್ಲ, ಅಷ್ಟು ಶ್ರಮಕ್ಕೂ ಇದು ಯೋಗ್ಯವಲ್ಲ.

ಇದು ನನ್ನ ಮೇಜಿಗೆ ಬಂದ ಎಷ್ಟನೆಯ ಸಾಹೇಬ ಎಂದು ಲೆಕ್ಕ ಬಿಟ್ಟಿದ್ದೇನೆ. ಹೋದ ವರ್ಷ ಮಗು ಮಹಾರಾಜ. ಅದರ ಹಿಂದಿನ ವರ್ಷ ಸೇನಾಪತಿ. ಅದಕ್ಕೂ ಮುಂಚೆ ಒಬ್ಬ ಮಹಾನುಭಾವ ತನ್ನ ಮಗಳನ್ನು ಬಿರುಗಾಳಿ ಮಾಡಿ ತಂದಿದ್ದ. ಎಲ್ಲ ಪುಸ್ತಕದಲ್ಲೂ ಅಪ್ಪನ ಅಂಗಿಯ ಗುಂಡಿ ತಪ್ಪಾಗಿ ಹಾಕಿರುತ್ತದೆ, ಅಜ್ಜಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಾಳೆ, ಬೆಕ್ಕು ಕಪಾಟಿನ ಮೇಲೆ ಮುಖ ಊದಿಸಿಕೊಂಡು ಕೂತಿರುತ್ತದೆ. ಕೊನೆಯ ಪುಟದಲ್ಲಿ ಎಲ್ಲರೂ ತೊಟ್ಟಿಲ ಸುತ್ತ ನಿಂತು ಹಲ್ಲು ಕಿರಿಯುತ್ತಾರೆ. ಮಕ್ಕಳಿಗೆಂದು ಮಾರುವ ಈ ಪುಸ್ತಕಗಳನ್ನು ಕೊಳ್ಳುವವರು ಅಪ್ಪಂದಿರು, ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳಲು. ಯಾವ ಮಗುವೂ ಇವನ್ನು ನೋಡಿ ನಕ್ಕಿದ್ದು ನಾನು ಕಂಡಿಲ್ಲ. ಚೀಪಿದ್ದು ಕಂಡಿದ್ದೇನೆ.

ಆದರೂ ಬಿಡಿಸುತ್ತೇನೆ. ನೀನು ತಮ್ಮ ಎಂಬ ಕಾರಣಕ್ಕಲ್ಲ. ಇನ್ನೊಬ್ಬರು ಬಿಡಿಸಿದರೆ ಬೆಕ್ಕಿಗೆ ಕನ್ನಡಕ ಹಾಕುತ್ತಾರೆ, ಅದನ್ನು ನೋಡಲು ನನ್ನಿಂದಾಗದು.

ನನ್ನ ಕೆಲಸದ ರೀತಿ ನಿನಗೆ ಗೊತ್ತು. ಫೋನು ಬೇಡ, ಫೋನಿನಲ್ಲಿ ನೀನು ನಗಿಸಿ ತಪ್ಪಿಸಿಕೊಳ್ಳುತ್ತೀಯ. ಚಿತ್ರಪುಸ್ತಕದಲ್ಲಿ ಬರೆದವನು ಹೇಳದೆ ಬಿಟ್ಟದ್ದನ್ನು ಚಿತ್ರ ತೋರಿಸಬೇಕು. ಹಾಗಾಗಿ ನೀನು ಬಿಟ್ಟದ್ದೆಲ್ಲ ನನಗೆ ಮೊದಲು ಗೊತ್ತಾಗಬೇಕು. ನಾನು ಊಹೆಯಿಂದ ಒಂದು ಚಮಚವನ್ನೂ ಬಿಡಿಸುವವಳಲ್ಲ, ನಿನ್ನ ಮನೆಗೆ ಒಂದು ಸಲವೂ ಬಂದವಳಲ್ಲ. ಆದ್ದರಿಂದ ಹೇಳು. ಸಾಹೇಬರ ಟವೆಲ್ ಯಾವ ಬಣ್ಣ? ತೊಟ್ಟಿಲು ನಿನ್ನ ಮೊಣಕಾಲಿಗೆ ಬರುತ್ತದೋ ಸೊಂಟಕ್ಕೋ? ಹಾಲಿನ ಬಾಟಲಿ ತೊಳೆದು ಎಲ್ಲಿ ಬೋರಲು ಹಾಕುತ್ತೀರಿ? ಮಲಗಿ ಮಲಗಿ ತಲೆಗೂದಲು ಯಾವ ಕಡೆ ಸವೆದಿದೆ? ಹೊಟ್ಟೆ ತುಂಬಿತೆಂದು ಹೇಗೆ ಗೊತ್ತಾಗುತ್ತದೆ? ಅತ್ತರೆ ಮೊದಲು ಓಡುವವರು ಯಾರು?

ಇನ್ನೊಂದು. ಇಡೀ ಪುಸ್ತಕದಲ್ಲಿ ತಾಯಿ ಬರುವುದು ಎರಡೇ ಪುಟದಲ್ಲಿ, ಎರಡರಲ್ಲೂ ನಗುತ್ತಾಳೆ. ಉಳಿದ ಹೊತ್ತು ಎಲ್ಲಿರುತ್ತಾಳೆ?

ಅಕ್ಕ


ಫೆಬ್ರವರಿ 6

ಅಕ್ಕನಿಗೆ,

ಪೊಲೀಸ್ ಠಾಣೆಯಲ್ಲೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ಇರಲಿ, ಉತ್ತರ ತಗೋ. ಟವೆಲ್ ಬಣ್ಣ: ಯುದ್ಧಕ್ಕೆ ಮುಂಚೆ ಬಿಳಿ, ಆಮೇಲೆ ಇತಿಹಾಸ. ತೊಟ್ಟಿಲ ಎತ್ತರ: ಸಿಂಹಾಸನದಷ್ಟು. ಬಾಟಲಿ: ಬೇಕಾದಾಗ ಎಲ್ಲಿಯೂ ಇರುವುದಿಲ್ಲ, ಬೇಡವಾದಾಗ ಕಾಲಿಗೇ ಸಿಗುತ್ತದೆ. ಹೊಟ್ಟೆ ತುಂಬಿದ್ದು ಗೊತ್ತಾಗುವುದು ಕೆಳಮಹಡಿಯವರು ಛಾವಣಿಗೆ ಕೋಲಿನಿಂದ ಕುಟ್ಟುವುದನ್ನು ನಿಲ್ಲಿಸಿದಾಗ.

ನನ್ನ ಬರೆಯುವ ಮೇಜು ಎಲ್ಲಿದೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ನಡುಮನೆಯ ಕಿಟಕಿಗೆ ಒತ್ತಿಕೊಂಡು, ಮಲಗುವ ಕೋಣೆಯ ಬಾಗಿಲಿಗೆ ಎದುರಾಗಿ. ಆ ಬಾಗಿಲ ಚಿಲಕ ಕೆಟ್ಟಿದೆ, ಪೂರ್ತಿ ಹಾಕಿಕೊಳ್ಳುವುದೂ ಇಲ್ಲ, ಪೂರ್ತಿ ತೆರೆದುಕೊಳ್ಳುವುದೂ ಇಲ್ಲ. ಆ ಸಂದಿಯಿಂದ ತೊಟ್ಟಿಲ ಒಂದು ತುದಿ, ಹಗ್ಗದ ಮೇಲಿನ ಒದ್ದೆ ಬಟ್ಟೆ, ಗಾಳಿಯಲ್ಲಿ ಬಡಿದಾಡುವ ಎರಡು ಪುಟ್ಟ ಕಾಲು ಕಾಣುತ್ತವೆ. ಸಾಹೇಬರು ಇನ್ನೂ ಮಗ್ಗುಲಾಗುತ್ತಿಲ್ಲ. ಅಂಗಾತ ಮಲಗಿ ಕಾಲು ಬಡಿಯುತ್ತಲೇ ಆಡಳಿತ ನಡೆಸುತ್ತಾರೆ. ಅಲ್ಲಿ ಕಿರುಚಿದರೆ ಇಲ್ಲಿ ನನ್ನ ಪೆನ್ನು ನಡುಗುತ್ತದೆ. ಇದೇ ನನ್ನ ರಣರಂಗ.

ತಾಯಿ ಎಲ್ಲಿ ಎಂದು ಕೇಳಿದೆ. ಅಲ್ಲೇ ಆಚೀಚೆ ಇರುತ್ತಾಳೆ, ನಗುವಂತೆ ಬಿಡಿಸು. ಅವಳು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯವರು ಹೇಳಿಕಳಿಸಿದ್ದರು, ಕಣ್ಣು ಪರೀಕ್ಷೆಗೆ ಜನ ಕಾದು ಕೂತಿದ್ದಾರೆ, ಎರಡು ಗಂಟೆ ಬಂದು ಹೋಗಿ ಎಂದು. "ಎರಡು ಗಂಟೆ ನೋಡ್ಕೋತೀರಾ?" ಎಂದು ಕೇಳಿದಳು. ಅವತ್ತೇ ನನ್ನ ಅಂಕಣದ ಗಡುವು. ಅದರಿಂದ ಒಂಬತ್ತನೇ ಪುಟ ಹುಟ್ಟಿತು: 'ಗುಮಾಸ್ತನ ಮೇಲೆ ಕೆಲಸದ ಹೊರೆ'. ಜೊತೆಗಿಟ್ಟಿದ್ದೇನೆ, ಓದಿ ನೋಡು, ಚೆನ್ನಾಗಿ ಬಂದಿದೆ.

ಗುಮಾಸ್ತ


ಫೆಬ್ರವರಿ 20

ತಮ್ಮನಿಗೆ,

ಕೇಳಿದ ಒಂದಕ್ಕೂ ಉತ್ತರವಿಲ್ಲ, ಎಲ್ಲದಕ್ಕೂ ಜೋಕಿದೆ. ಚಿಕ್ಕವನಿದ್ದಾಗ ಲೆಕ್ಕ ಬಾರದಿದ್ದರೆ ಮೇಷ್ಟ್ರನ್ನು ಅಣಕಿಸಿ ತರಗತಿಯನ್ನೇ ನಗಿಸುತ್ತಿದ್ದೆ. ಲೆಕ್ಕ ಇವತ್ತಿಗೂ ನಿನಗೆ ಬರುವುದಿಲ್ಲ.

'ಇತಿಹಾಸ' ಎಂಬ ಬಣ್ಣ ನನ್ನ ಡಬ್ಬಿಯಲ್ಲಿಲ್ಲ. ನಿನಗೆ ಗೊತ್ತಿಲ್ಲದಿದ್ದರೆ ಹೆಂಡತಿಯನ್ನು ಕೇಳಿ ಬರೆ. ಅವಳಿಗೆ ನನ್ನನ್ನು ಕಂಡರಾಗದು ಎಂದು ಗೊತ್ತು. ನಿಮ್ಮ ಮದುವೆಯಾದ ಹೊಸತರಲ್ಲಿ ನನ್ನ ಪುಸ್ತಕ ತಿರುವಿ ಹಾಕಿ, "ಇವ್ರ ಮಕ್ಕಳೆಲ್ಲ ರಿಟೈರ್ ಆದವ್ರ ಥರ ಇದಾರಲ್ಲ" ಅಂದವಳು. ಮಾತು ನಿಜವಾಗಿತ್ತು, ಅದಕ್ಕೇ ಇನ್ನೂ ಕ್ಷಮಿಸಿಲ್ಲ. ಊರವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವಳು ಗಂಡನನ್ನು ಆರಿಸುವ ದಿನ ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದಳು ಎಂದು ನಾನೂ ಅಂದಿದ್ದೆ, ಲೆಕ್ಕ ಸಮವಾಯಿತು. ಒಂದು ಟವೆಲಿನ ಬಣ್ಣ ಹೇಳಲು ನಾವು ಗೆಳತಿಯರಾಗಬೇಕಿಲ್ಲ.

ಒಂಬತ್ತನೇ ಪುಟ ಓದಿದೆ. ಅವಳು ಅಂಗಡಿಗೆ ಹೋದಳೋ ಇಲ್ಲವೋ ಅದರಲ್ಲಿಲ್ಲ.

ಅಕ್ಕ


ಏಪ್ರಿಲ್ 18

ಅಕ್ಕನಿಗೆ,

ತಡವಾಯಿತು, ಬೈಯಬೇಡ. ಕೆಲಸ ತಲೆಯ ಮೇಲೆ ಬಂದು ಕೂತಿತ್ತು.

ಪುಸ್ತಕವನ್ನು ಮೊದಲಿನಿಂದ ತಿದ್ದಿ ಬರೆದಿದ್ದೇನೆ. ಈಗ ಬರೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ, ಒಂದೊಂದು ಸಾಲನ್ನೂ ಉಜ್ಜಿ ಹೊಳಪು ತಂದಿದ್ದೇನೆ. ಹನ್ನೆರಡನೇ ಪುಟಕ್ಕೆ ಹೊಸ ಜೋಕು ಬಂದಿದೆ. ಅಲ್ಲಿ ತಾಯಿ ಗುಮಾಸ್ತನಿಗೆ ಹೇಳುತ್ತಾಳೆ: 'ನಿಮ್ಮ ಪುಸ್ತಕದಲ್ಲಿ ನೀವು ತುಂಬಾ ಕೆಲಸ ಮಾಡ್ತೀರ. ಆ ಗುಮಾಸ್ತನ್ನ ಒಂದಿನ ನಮ್ಮನೆಗೆ ಕಳ್ಸಿ.' ಮೀಸೆಯವರು ಇದನ್ನೋದಿ ಕುರ್ಚಿಯಿಂದ ಬೀಳುವುದೊಂದು ಬಾಕಿ.

ಟವೆಲ್ ವಿಷಯ ಕೇಳಲಾಗಲಿಲ್ಲ, ಅವಳಿಗೆ ಬಿಡುವಿಲ್ಲ. ನೀಲಿ ಅಂತ ಇಟ್ಟುಕೋ.

ನಿನ್ನ ತಮ್ಮ


ಏಪ್ರಿಲ್ 30

ತಮ್ಮನಿಗೆ,

ಇಟ್ಟುಕೊಳ್ಳುವುದಕ್ಕೆ ಟವೆಲ್ ಏನು ನನ್ನದೇ?

ನಿನ್ನ ಹೆಂಡತಿಯ ಮುನಿಸು ಅಂಚೆಯಲ್ಲಿ ಇಷ್ಟು ದೂರಕ್ಕೂ ಬಂದು ಮುಟ್ಟಿತು. ಒಂದು ಬಣ್ಣದ ಹೆಸರು ಹೇಳಲು ಬಿಡುವಿಲ್ಲವಂತೆ. ನಾನು ಕೇಳಿದೆ ಎಂಬ ಒಂದೇ ಕಾರಣಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಮಹಾರಾಣಿಯ ಗತ್ತು ಅವಳ ಮನೆಯಲ್ಲೇ ಇರಲಿ ಎಂದು ಹೇಳು.

ಹೊಸ ಬರಹ ಓದಿದೆ. ಹನ್ನೆರಡನೇ ಪುಟದ ಮಾತು ಚೆನ್ನಾಗಿದೆ. ಇಡೀ ಪುಸ್ತಕದಲ್ಲಿ ಅದೊಂದೇ ಚೆನ್ನಾಗಿರುವುದು, ಅದಕ್ಕೇ ನೀನು ಬರೆದದ್ದಲ್ಲ ಎಂದು ಅನುಮಾನ. ಉಳಿದದ್ದು ತೊಳೆದಿಟ್ಟ ಹಾಗಿದೆ. ಜನವರಿಯ ಬರಹದಲ್ಲಿ ಹಾಲು ಚೆಲ್ಲುತ್ತಿತ್ತು, ಬಟ್ಟೆ ನಾರುತ್ತಿತ್ತು, ಯಾರೋ ಎಡವಿ ಬೀಳುತ್ತಿದ್ದರು. ಈಗ ಆ ಮನೆಯ ನೆಲದಲ್ಲಿ ಮುಖ ನೋಡಿಕೊಳ್ಳಬಹುದು. ಮಗು ಇರುವ ಮನೆ ಹೀಗಿರುತ್ತದೆಯೇ?

ಅವನು ಕೂರುತ್ತಾನೆಯೇ? ಹಲ್ಲು ಬಂತೆ? ಇವೆರಡಕ್ಕಾದರೂ ಜೋಕಿಲ್ಲದೆ ಉತ್ತರ ಬರೆ.

ಅಕ್ಕ


ಜೂನ್ 2

ಅಕ್ಕನಿಗೆ,

ಮೀಸೆಯವರು ದಿನಾ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದಾರೆ. ಚಿತ್ರ ಎಷ್ಟಾಗಿದೆಯೋ ಅಷ್ಟು ಕಳಿಸು. ಸಾಹೇಬರು ಚೆನ್ನಾಗಿದ್ದಾರೆ. ಅಂಗಾತ ಮಲಗಿ ಕಾಲು ಬಡಿಯುತ್ತಾ ಆಡಳಿತ ನಡೆಸುತ್ತಿದ್ದಾರೆ.

ತಮ್ಮ


ಜೂನ್ 14

ತಮ್ಮನಿಗೆ,

ಚಿತ್ರಗಳು ಇದರ ಜೊತೆಗಿವೆ, ಕೊನೆಯ ಪುಟ ಒಂದು ಬಿಟ್ಟು. ಲಕೋಟೆ ಒಡೆದ ಕೂಡಲೇ ನಿನಗೆ ಸಿಟ್ಟು ಬರುತ್ತದೆ. ಕೂತುಕೊಂಡು ಸಿಟ್ಟು ಮಾಡಿಕೋ, ಕುರ್ಚಿ ನಿನಗೆ ಅಭ್ಯಾಸವಿದೆ.

ಎಲ್ಲ ಪುಟದಲ್ಲೂ ಒಂದೇ ಬಾಗಿಲು. ಅರ್ಧ ತೆರೆದ ಬಾಗಿಲು, ನಿನ್ನ ಮೇಜಿನಿಂದ ಕಾಣುವ ಹಾಗೆ. ನಾನು ಊಹಿಸಿ ಬಿಡಿಸುವುದಿಲ್ಲ ಎಂದು ಮೊದಲೇ ಹೇಳಿದ್ದೆ. ನೀನು ಕೊಟ್ಟ ಅಷ್ಟೂ ಉತ್ತರದಲ್ಲಿ ನಂಬುವಂಥದ್ದು ನಿನ್ನ ಮೇಜಿನ ಜಾಗ ಒಂದೇ. ಅದನ್ನು ನಾನು ಕೇಳದೆಯೇ, ಚಿಲಕ ಕೆಟ್ಟದ್ದರ ಸಮೇತ ಹೇಳಿದೆ. ಹಾಗಾಗಿ ನಾನೂ ಅಲ್ಲೇ ಕೂತು ಇಡೀ ಪುಸ್ತಕ ಬಿಡಿಸಿದೆ. ಒಂದು ಪುಟದಲ್ಲಿ ಸಂದಿಯಿಂದ ಎರಡು ಕಾಲು. ಒಂದರಲ್ಲಿ ಬಕೆಟ್ ಹಿಡಿದ ಕೈ. ಒಂದರಲ್ಲಿ ಹೆಗಲ ಮೇಲೆ ಮಗು ಹಾಕಿಕೊಂಡು ನಿಂತವಳ ಬೆನ್ನು. ಒಂಬತ್ತರಲ್ಲಿ ಹೊರಗೆ ಹೋಗಲು ತಲೆ ಬಾಚಿಕೊಂಡು, ಚೀಲ ತಗುಲಿಸಿಕೊಂಡು, ಮಗುವನ್ನೂ ಎತ್ತಿಕೊಂಡು ನಿಂತಿದ್ದಾಳೆ. ಕೆಳಗೆ ನಿನ್ನದೇ ಸಾಲು: 'ಗುಮಾಸ್ತನ ಮೇಲೆ ಕೆಲಸದ ಹೊರೆ'. ನಿನ್ನ ಒಂದಕ್ಷರವನ್ನೂ ನಾನು ಬದಲಾಯಿಸಿಲ್ಲ. ಹದಿನೈದು ವರ್ಷದಲ್ಲಿ ನಾನು ಬಿಡಿಸಿದ ಪುಸ್ತಕಗಳಲ್ಲಿ ನನಗೇ ನಗು ಬಂದದ್ದು ಇದಕ್ಕೆ.

ಈಗ ಇನ್ನೊಂದು ವಿಷಯ. ನಿನ್ನ ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡೆ, ಮಗುವಿನ ಅಳತೆ ಸಿಗುತ್ತದೇನೋ ಎಂದು. ಫೆಬ್ರವರಿಯಲ್ಲಿ ಅವನು ಅಂಗಾತ ಮಲಗಿ ಕಾಲು ಬಡಿಯುತ್ತಿದ್ದ. ಜೂನಿನಲ್ಲೂ ಅಂಗಾತ ಮಲಗಿ ಕಾಲು ಬಡಿಯುತ್ತಿದ್ದಾನೆ. ನನ್ನ ಕೋಣೆಯ ಕೆಳಗಿನ ಸೈಕಲ್ ಅಂಗಡಿಯವನ ಮಗಳು ನಿನ್ನ ಮಗ ಹುಟ್ಟಿದ ತಿಂಗಳಲ್ಲೇ ಹುಟ್ಟಿದವಳು. ಅವಳು ತೆವಳಿಕೊಂಡು ಬಂದು ಟೈರಿಗೆ ಗಾಳಿ ಹಾಕುವ ಪಂಪನ್ನು ಬಾಯಿಗಿಟ್ಟುಕೊಳ್ಳುತ್ತಾಳೆ. ನಿನ್ನ ಸಾಹೇಬ ಒಂದು ಮಗ್ಗುಲೂ ಆಗಿಲ್ಲ.

ಮಗು ಬೆಳೆಯುತ್ತಿಲ್ಲವೋ, ಅಥವಾ ನಿನ್ನ ಕಣ್ಣಿಗೆ ಬೀಳುತ್ತಿಲ್ಲವೋ? ಯಾರನ್ನು ನೋಡಿಕೊಂಡು ಬರೆಯುತ್ತಿದ್ದೀಯ ನೀನು?

ಅಕ್ಕ


ಜೂನ್ 22

ಅಕ್ಕ,

ಚಿತ್ರ ನೋಡಿದೆ. ಇದು ಹಾಸ್ಯವಲ್ಲ, ಮಾನ ಕಳೆಯುವ ಕೆಲಸ. ನೀನು ಒಂದು ಮಗು ಹೆತ್ತವಳಲ್ಲ, ಒಂದು ಸಂಸಾರ ಹೊತ್ತವಳಲ್ಲ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಲೋಕದ ಅಪ್ಪಂದಿರಿಗೆಲ್ಲ ತೀರ್ಪು ಕೊಡುತ್ತೀಯ. ಅಂಕಣ ಬರೆಯದಿದ್ದರೆ ಮನೆ ನಡೆಯುವುದು ಹೇಗೆ ಎಂದು ನೀನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಇಷ್ಟು ಬರೆದು ಹರಿದು ಹಾಕೋಣ ಎಂದುಕೊಂಡೆ. ಹರಿಯಲಿಲ್ಲ, ಮುಂದಕ್ಕೆ ಬರೆಯುತ್ತಿದ್ದೇನೆ.

ಅವರಿಬ್ಬರೂ ಇಲ್ಲಿಲ್ಲ. ಮಾರ್ಚ್‌ನಲ್ಲೇ ಹೋದರು, ಅವಳ ಅಮ್ಮನ ಮನೆಗೆ. ಅವತ್ತು ಮಗುವನ್ನು ಎತ್ತಿಕೊಂಡು ಮೇಜಿನ ಹತ್ತಿರ ಬಂದು ನಿಂತಳು. ನಾನು ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿ, ಹಿಡಿದ ಸಾಲು ಮುಗಿಸಿದೆ. ಆ ಹನ್ನೆರಡನೇ ಪುಟದ ಮಾತು ಆಗ ಅವಳು ಆಡಿದ್ದು. ನನಗೆ ನಗು ಬಂತು ಅಕ್ಕ. ಚೆನ್ನಾಗಿದೆ ಎಂದು ಅವಳ ಎದುರಿಗೇ ಬರೆದಿಟ್ಟುಕೊಂಡೆ. ಅವಳು ನಾನು ಬರೆಯುವುದನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಬಟ್ಟೆ ತುಂಬಿಕೊಂಡಳು.

ಒಂದು ವಾರದಲ್ಲಿ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಪುಸ್ತಕ ಅಚ್ಚಾದ ಮೇಲೆ ಕೈಯಲ್ಲಿ ಹಿಡಿದುಕೊಂಡು ಹೋಗೋಣ, ನೋಡಿದರೆ ನಗುತ್ತಾಳೆ, ನಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಕೂತು ಬರೆದೆ. ಬಾಗಿಲ ಸಂದಿಯಿಂದ ಈಗ ತೊಟ್ಟಿಲ ತುದಿ ಒಂದೇ ಕಾಣುತ್ತದೆ. ಅದನ್ನೇ ನೋಡಿಕೊಂಡು ಬರೆದೆ. ಅವನಿಗೆ ಹಲ್ಲು ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ತಮ್ಮ


ಜೂನ್ 29

ತಮ್ಮನಿಗೆ,

ನಾನು ಹೆತ್ತಿಲ್ಲ, ಹೊತ್ತಿಲ್ಲ, ನಿಜ. ಹಾಗೆಂದು ಹೆತ್ತವನ ಗತ್ತಿನಲ್ಲಿ ಅಂಕಣವನ್ನೂ ಬರೆದಿಲ್ಲ.

ಮಗು ಮನೆಯನ್ನು ಆಕ್ರಮಿಸಿತು ಎಂದು ನೀನು ಪುಸ್ತಕ ಬರೆದೆ. ಈಗ ಇಡೀ ಮನೆ ನಿನ್ನದೇ ಆಯಿತಲ್ಲ, ಏನು ಮಾಡುತ್ತಿದ್ದೀಯ ಅದರಲ್ಲಿ? ಖಾಲಿ ತೊಟ್ಟಿಲ ಮುಂದೆ ಕೂತು, ಇಲ್ಲದ ಸಾಹೇಬನ ಕೈಯಲ್ಲಿ ಬೈಸಿಕೊಂಡು ಜೋಕು ಹೊಸೆಯುತ್ತಿದ್ದೀಯ. ಇಂಥ ಹೇಡಿತನಕ್ಕೆ ನಾನು ಇನ್ನೂ ಬಣ್ಣ ಹುಡುಕಬೇಕು. ಆ ಪುಸ್ತಕ ಹಿಡಿದುಕೊಂಡು ಹೋಗಿದ್ದರೆ ಅವಳು ನಗುತ್ತಿರಲಿಲ್ಲ, ಮಗುವಿಗೆ ಚೀಪಲು ಕೊಡುತ್ತಿದ್ದಳು. ಅದಾದರೂ ಉಪಯೋಗಕ್ಕೆ ಬರುತ್ತಿತ್ತು.

ಏಪ್ರಿಲಿನಲ್ಲಿ ನಾನು ಅವಳಿಗೆ ಬೈದದ್ದನ್ನೆಲ್ಲ ತಿರುಗಿಸಿ ನಿನ್ನ ಹೆಸರಿಗೆ ಬರೆದುಕೋ. ಒಂದು ಮಾತೂ ವ್ಯರ್ಥವಾಗುವುದಿಲ್ಲ.

ಕೊನೆಯ ಪುಟದ ಕರಡು ಕಳಿಸಿದ್ದೇನೆ. ಇದು ಬಾಗಿಲ ಆ ಕಡೆಯಿಂದ. ತೊಟ್ಟಿಲಲ್ಲಿ ಮಲಗಿದವನಿಗೆ ಹೊರಗೆ ಏನು ಕಾಣುತ್ತದೋ ಅದು: ಸಂದಿ, ಸಂದಿಯಾಚೆ ಮೇಜು, ಮೇಜಿನ ಮುಂದೆ ಕುರ್ಚಿ. ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ. ಅದನ್ನು ಮುಗಿಸಬೇಕಾದರೆ ನನಗೆ ಮಗುವಿನ ಅಳತೆ ಬೇಕು, ತೊಟ್ಟಿಲ ಎತ್ತರ ಬೇಕು, ಜನವರಿಯಲ್ಲಿ ಕೇಳಿದ ಎಲ್ಲದಕ್ಕೂ ಉತ್ತರ ಬೇಕು. ನಿನ್ನ ಮೇಜಿನ ಹತ್ತಿರ ಅವು ಯಾವುವೂ ಸಿಗುವುದಿಲ್ಲ. ಎಲ್ಲಿ ಸಿಗುತ್ತವೋ ಅಲ್ಲಿಗೆ ಹೋಗಿ ತಿಳಿದುಕೊಂಡು ಬರೆ. ಅಲ್ಲಿಯವರೆಗೆ ಮೀಸೆಯವರ ಕೈಗೆ ನನ್ನಿಂದ ಒಂದು ಚಿತ್ರವೂ ಹೋಗುವುದಿಲ್ಲ, ನೀನೂ ನಿನ್ನ ಕೈಯಲ್ಲಿರುವುದನ್ನು ಅವರಿಗೆ ಕೊಡಬೇಡ.

ನಗಿಸಲು ಹೋಗಬೇಡ. ಬಾಗಿಲು ತೆಗೆದವರು ಏನು ಹೇಳುತ್ತಾರೋ ಅದನ್ನು ಮಾಡು.

ಅಕ್ಕ


ಆಗಸ್ಟ್ 19

ಅಕ್ಕನಿಗೆ,

ನಿನ್ನ ಪತ್ರ ಬಂದ ವಾರವೇ ಇಲ್ಲಿಗೆ ಬಂದೆ. ಬಾಗಿಲು ತೆಗೆದವರು ನಮ್ಮ ಅತ್ತೆ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನೆನೆಸಿದ ಬಟ್ಟೆಯ ಬಕೆಟ್ಟನ್ನು ಮುಂದೆ ತಳ್ಳಿದರು. ಒಗೆದೆ.

ಅವಳು ಇಲ್ಲಿಯ ಒಂದು ಕನ್ನಡಕದ ಅಂಗಡಿಗೆ ಸೇರಿದ್ದಾಳೆ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾಳೆ. ಹಗಲು ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಅತ್ತೆ ನನ್ನನ್ನು ನೋಡಿಕೊಳ್ಳುತ್ತಾರೆ, ಮಗು ಕೆಳಗೆ ಬೀಳದಂತೆ. ವಾಪಸು ಬರುತ್ತೇನೆಂದು ಅವಳು ಹೇಳಿಲ್ಲ. ನಾನೂ ಕೇಳಿಲ್ಲ, ಕೇಳುವ ಯೋಗ್ಯತೆ ಬಂದಮೇಲೆ ಕೇಳುತ್ತೇನೆ. ಅಂಕಣ ನಿಲ್ಲಿಸಿದ್ದೇನೆ, ಬರೆಯಲು ಕೈ ಖಾಲಿ ಇರುವುದಿಲ್ಲ. ಈ ಪತ್ರಕ್ಕೆ ಕೂತದ್ದು ಇದು ನಾಲ್ಕನೇ ಸಲ, ಇಂಕಿನ ಮೇಲೆ ಕಾಣುವ ಕಲೆ ಬಾಳೆಹಣ್ಣಿನದು.

ನಿನ್ನ ಚಿತ್ರಗಳನ್ನು ಅವಳ ಎದುರು ಇಟ್ಟೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇವ್ರು ಒಂದ್ಸಲಾನೂ ನಮ್ಮನೆಗೆ ಬಂದಿಲ್ವಲ್ಲ, ಇದೆಲ್ಲ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ಒಂಬತ್ತನೇ ಪುಟಕ್ಕೆ ಬಂದಾಗ ನಕ್ಕಳು. ಬಹಳ ಹೊತ್ತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಾನು ಇಷ್ಟು ವರ್ಷ ಬರೆದ ಯಾವುದಕ್ಕೂ ಅವಳು ಹಾಗೆ ನಕ್ಕಿರಲಿಲ್ಲ. ಅವಳು ನಕ್ಕದ್ದು ನನ್ನನ್ನು ನೋಡಿ ಎಂದು ನನಗೆ ಗೊತ್ತು. ಈ ಮಗುವಾದರೂ ಮಗುವಿನ ಥರ ಇದೆ ಎಂದು ನಿನಗೆ ತಿಳಿಸಬೇಕಂತೆ. ಪುಸ್ತಕ ಹಾಗೇ ಅಚ್ಚಾಗಲಿ ಎಂದಳು, ಅಕ್ಷರ ಬದಲಾಯಿಸದೆ.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಟವೆಲ್ ಹಳದಿ, ಅಂಚಿನಲ್ಲಿ ಎರಡು ಕಡೆ ದಾರ ಬಿಟ್ಟಿದೆ, ಆ ದಾರ ಚೀಪದೆ ನಿದ್ದೆ ಮಾಡುವುದಿಲ್ಲ. ಬಿಳಿಯದು ಅಂತ ಯಾವತ್ತೂ ಇರಲೇ ಇಲ್ಲವಂತೆ. ನಮ್ಮ ಮನೆಯ ತೊಟ್ಟಿಲು ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ, ಆದರೆ ಅದು ಇನ್ನು ಅವನಿಗೆ ಸಾಲದು. ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಬೇಕು. ಕೂದಲು ಎಡಗಡೆ ಸವೆದಿತ್ತು, ಈಗ ತುಂಬಿಕೊಂಡಿದೆ. ಸವೆದದ್ದನ್ನು ನಾನು ನೋಡಲಿಲ್ಲ. ಹಲ್ಲು ಕೆಳಗೆ ಎರಡು, ಮೇಲೆ ಒಂದು, ನನ್ನ ಬೆರಳಿನಲ್ಲಿ ಗುರುತಿದೆ. ಕುರ್ಚಿ ಹಿಡಿದು ಎದ್ದು ನಿಲ್ಲುತ್ತಾನೆ, ಆದ್ದರಿಂದ ಕೊನೆಯ ಚಿತ್ರದಲ್ಲಿ ಕುರ್ಚಿ ಖಾಲಿಯೇ ಇರಲಿ. ಹೊಟ್ಟೆ ತುಂಬಿದರೆ ಮುಖ ತಿರುಗಿಸುತ್ತಾನೆ. ಬಂದ ಹೊಸತರಲ್ಲಿ ನನ್ನನ್ನು ಕಂಡರೂ ಮುಖ ತಿರುಗಿಸಿ ಅಳುತ್ತಿದ್ದ, ನಾನು ಹೊಟ್ಟೆ ತುಂಬಿದೆ ಎಂದುಕೊಂಡು ಬಾಟಲಿ ಎತ್ತಿಡುತ್ತಿದ್ದೆ. ಈಗ ಎರಡರ ವ್ಯತ್ಯಾಸ ಗೊತ್ತಾಗುತ್ತದೆ.

ಅತ್ತರೆ ಮೊದಲು ಓಡುವವರು ಯಾರು ಎಂದು ನೀನು ಕೇಳಿದ್ದೆ, ಅದೊಂದು ಉಳಿಯಿತು. ಎದ್ದು ಅಳುತ್ತಿದ್ದಾನೆ, ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.